2013ರ ಮಾರ್ಚ್‌ನಿಂದ 2025ರ ನವೆಂಬರ್‌ವರೆಗೆ: ನಮ್ಮ ಗ್ರೀನ್ ಕಾರ್ಡ್ ಕಥೆ

ನವೆಂಬರ್ ಕೊನೆಯ ವಾರ ನಮ್ಮ ಮನೆಗೆ ಗ್ರೀನ್ ಕಾರ್ಡ್‌ಗಳು ಬಂದವು. ನನಗೆ, ನನ್ನ ಗಂಡನಿಗೆ, ಮಗಳಿಗೆ. ಮಗ 2011ರಲ್ಲಿ ಇಲ್ಲೇ ನ್ಯೂಜೆರ್ಸಿಯಲ್ಲಿ ಹುಟ್ಟಿದವನು, ಅವನಿಗೆ ಇದರ ಗೊಡವೆ ಇಲ್ಲ. ನಾವು ಅಮೆರಿಕಕ್ಕೆ ಬಂದದ್ದು 2008ರಲ್ಲಿ. ಗ್ರೀನ್ ಕಾರ್ಡ್ ಸರದಿ ಹಿಡಿದದ್ದು 2013ರ ಮಾರ್ಚ್‌ನಲ್ಲಿ. ನಡುವೆ ಏನೇನಾಯಿತು, ಯಾವ ಕಾಗದಕ್ಕೆ ಎಷ್ಟು ಅಲೆದೆವು, ದುಡ್ಡು ಎಲ್ಲೆಲ್ಲಿ ಹೋಯಿತು ಅಂತ ಬರೆದಿಡಬೇಕು ಅನ್ನಿಸಿತು. 2014, 2015ರಲ್ಲಿ ಸರದಿ ಹಿಡಿದು ಇನ್ನೂ ಕಾಯುತ್ತಿರುವ ಕನ್ನಡದವರು ಬಹಳ ಜನ ಇದ್ದಾರೆ. ಊರಲ್ಲಿ ಅವರ ಅಪ್ಪ ಅಮ್ಮ "ಇನ್ನೂ ಯಾಕೆ ಆಗಿಲ್ಲ, ಏನಾದ್ರೂ ತೊಂದರೆ ಆಗಿದೆಯಾ" ಅಂತ ಕೇಳುತ್ತಲೇ ಇರುತ್ತಾರೆ. ಏನೂ ಆಗಿರುವುದಿಲ್ಲ. ನೀವು ಭಾರತದಲ್ಲಿ ಹುಟ್ಟಿರುತ್ತೀರಿ, ಅಷ್ಟೇ.

ಆ ಲೆಕ್ಕವನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. 1990ರ ವಲಸೆ ಕಾನೂನಿನ ಪ್ರಕಾರ ಕೆಲಸದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್ ಕೊಡುತ್ತಾರೆ. ಅರ್ಜಿದಾರರ ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಇದೇ ಸಂಖ್ಯೆಯ ಒಳಗೇ ಬರುತ್ತಾರೆ. ಯಾವ ಒಂದು ದೇಶದವರಿಗೂ ಶೇಕಡಾ 7ಕ್ಕಿಂತ ಜಾಸ್ತಿ ಕೊಡುವ ಹಾಗಿಲ್ಲ. ನನ್ನದು ಇಬಿ-2 ವರ್ಗ, ಹೆಚ್ಚಿನ ಓದು ಅಥವಾ ಅನುಭವ ಬೇಕಾದ ಕೆಲಸದವರದು. ಅದಕ್ಕೆ ವರ್ಷಕ್ಕೆ 40,000 ಚಿಲ್ಲರೆ ಇದೆ. ಅದರ ಶೇಕಡಾ 7 ಅಂದರೆ ಸುಮಾರು 2,800. ನೂರನಲವತ್ತು ಕೋಟಿ ಜನರ ಭಾರತಕ್ಕೂ ಅಷ್ಟೇ ಮಿತಿ, ನಾಲ್ಕು ಲಕ್ಷ ಜನರ ಐಸ್‌ಲ್ಯಾಂಡಿಗೂ ಅಷ್ಟೇ ಮಿತಿ. ಬೇರೆ ದೇಶದವರು ಬಳಸದೆ ಬಿಟ್ಟದ್ದು ಉಳಿದರೆ ನಮ್ಮ ಸರದಿಯ ತುದಿಯಲ್ಲಿರುವವರಿಗೆ ಬರುತ್ತದೆ. ಉಳಿಯದ ವರ್ಷ ಅದೂ ಬರುವುದಿಲ್ಲ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಇಲ್ಲಿ ದೇಶ ಅಂದರೆ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ನೋಡುವುದಿಲ್ಲ. ಹುಟ್ಟಿದ ದೇಶ ನೋಡುತ್ತಾರೆ. ನನ್ನ ಗೆಳತಿಯೊಬ್ಬಳು ಕೆನಡಾಕ್ಕೆ ಹೋಗಿ ಅಲ್ಲಿನ ಪೌರತ್ವ ತೆಗೆದುಕೊಂಡು ಬಂದಳು. ಹುಟ್ಟಿದ್ದು ಶಿವಮೊಗ್ಗದಲ್ಲಿ, ಹಾಗಾಗಿ ಇನ್ನೂ ಭಾರತದ ಸರದಿಯಲ್ಲೇ ಇದ್ದಾಳೆ. ನಮ್ಮದೇ ಟೀಮಿನಲ್ಲಿ ಮಂಗಳೂರಿನ ಹುಡುಗ ಒಬ್ಬ ಇದ್ದ. ಅವನ ತಂದೆ ಕುವೈತ್‌ನಲ್ಲಿ ಕೆಲಸದಲ್ಲಿದ್ದಾಗ ಅವನು ಅಲ್ಲಿ ಹುಟ್ಟಿದ್ದು. ಒಂದನೇ ಕ್ಲಾಸಿನಿಂದ ಬಿಇವರೆಗೆ ಓದಿದ್ದೆಲ್ಲ ಮಂಗಳೂರಿನಲ್ಲೇ. ಪಾಸ್‌ಪೋರ್ಟೂ ಭಾರತದ್ದೇ. ನನಗಿಂತ ಎಷ್ಟೋ ವರ್ಷ ಆಮೇಲೆ ಅರ್ಜಿ ಹಾಕಿದ, ಕುವೈತ್‌ನ ಲೆಕ್ಕದಲ್ಲಿ ಎರಡು ವರ್ಷದೊಳಗೆ ಕಾರ್ಡ್ ಬಂತು. ಉಡುಪಿಯಲ್ಲಿ ಹುಟ್ಟಿದ ಅವನ ಹೆಂಡತಿಗೂ ಗಂಡನ ದೇಶದ ಲೆಕ್ಕದಲ್ಲೇ ಬಂತು, ಕಾನೂನಿನಲ್ಲಿ ಅದಕ್ಕೆ ಅವಕಾಶ ಇದೆ. ಅವರ ಬಗ್ಗೆ ನನಗೆ ಬೇಜಾರಿಲ್ಲ, ಒಳ್ಳೆಯ ಜನ, ಇವತ್ತಿಗೂ ಹಬ್ಬಕ್ಕೆ ಮನೆಗೆ ಬರುತ್ತಾರೆ. ಆದರೆ ಒಂದೇ ಕೆಲಸ, ಒಂದೇ ಓದು, ಒಂದೇ ಪಾಸ್‌ಪೋರ್ಟ್. ಒಬ್ಬರ ತಾಯಿ ಹೆರಿಗೆಗೆ ಎಲ್ಲಿದ್ದರು ಅನ್ನುವುದರ ಮೇಲೆ ಹತ್ತು ವರ್ಷದ ವ್ಯತ್ಯಾಸ ಬೀಳುತ್ತದೆ ಅಂದರೆ ಅದನ್ನು ನ್ಯಾಯ ಅಂತ ಹೇಗೆ ಕರೆಯೋದು? ಅಂದ ಹಾಗೆ, ನಿಮ್ಮ ಗಂಡ ಅಥವಾ ಹೆಂಡತಿ ಗಲ್ಫ್‌ನಲ್ಲೋ ಸಿಂಗಪುರದಲ್ಲೋ ನೇಪಾಳದಲ್ಲೋ ಹುಟ್ಟಿದ್ದರೆ ಈ ಪುಟ ಓದುವುದನ್ನು ನಿಲ್ಲಿಸಿ ಮೊದಲು ಲಾಯರ್‌ಗೆ ಹೇಳಿ. ವಕೀಲರು ತಾವಾಗಿ ಕೇಳುತ್ತಾರೆ ಅಂತ ಕಾಯಬೇಡಿ.

ಈಗ ಮೊದಲಿನಿಂದ ಹೇಳುತ್ತೇನೆ.

ನಾನು ಬಿಇ ಮುಗಿಸಿ ಬೆಂಗಳೂರಿನಲ್ಲಿ ಏಳು ವರ್ಷ ಕೆಲಸ ಮಾಡಿ, ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲೆ ಇಲ್ಲಿಗೆ ಬಂದೆ. ಮಗಳಿಗೆ ಆಗ ಒಂದು ವರ್ಷ. ಎಚ್-1ಬಿ ಆರು ವರ್ಷಕ್ಕೆ ಮುಗಿಯುತ್ತದೆ. ಅದರಾಚೆ ಉಳಿಯಬೇಕಾದರೆ ಗ್ರೀನ್ ಕಾರ್ಡ್ ಕೆಲಸ ಶುರುವಾಗಿರಬೇಕು. ಮೊದಲ ಹೆಜ್ಜೆ ಪರ್ಮ್. ಈ ಕೆಲಸಕ್ಕೆ ಅಮೆರಿಕದವರು ಸಿಗಲಿಲ್ಲ ಅಂತ ಕಂಪನಿ ಕಾರ್ಮಿಕ ಇಲಾಖೆಗೆ ತೋರಿಸಬೇಕು. ಭಾನುವಾರದ ಪತ್ರಿಕೆಯಲ್ಲಿ ಎರಡು ಸಲ ಜಾಹೀರಾತು, ರಾಜ್ಯದ ಉದ್ಯೋಗ ಕಚೇರಿಯಲ್ಲಿ ಒಂದು ತಿಂಗಳ ಪ್ರಕಟಣೆ, ಆಫೀಸಿನ ಗೋಡೆಗೆ ನೋಟೀಸು. ಈ ಹಂತದ ಖರ್ಚು ಪೂರ್ತಿ ಕಂಪನಿಯೇ ಕೊಡಬೇಕು, ಅದು ಕಾನೂನು. ಯಾರಾದರೂ ನಿಮ್ಮ ಸಂಬಳದಲ್ಲಿ ಹಿಡಿಯುತ್ತೇವೆ ಅಂದರೆ ಒಪ್ಪಬೇಡಿ. ಪರ್ಮ್ ಅರ್ಜಿ ಇಲಾಖೆಗೆ ತಲುಪಿದ ದಿನವೇ ನಿಮ್ಮ ಪ್ರಯಾರಿಟಿ ಡೇಟ್, ಅಂದರೆ ಸರದಿಯ ದಿನಾಂಕ. ನಾವೆಲ್ಲ ಪಿಡಿ ಅನ್ನುತ್ತೇವೆ. ಮುಂದಿನ ಹಂತವೂ ಒಪ್ಪಿಗೆಯಾಗಿ ಈ ದಿನಾಂಕ ಒಂದು ಗಟ್ಟಿಯಾದರೆ ಆಮೇಲೆ ಕಂಪನಿ ಬದಲಾಯಿಸಿದರೂ ಜೊತೆಗೇ ಬರುತ್ತದೆ.

ಇಲ್ಲೇ ನಮಗೆ ಮೊದಲ ತೊಡಕು ಬಂದದ್ದು. ಇಬಿ-2 ಬೇಕಾದರೆ ಮಾಸ್ಟರ್ಸ್ ಇರಬೇಕು, ಇಲ್ಲ ನಾಲ್ಕು ವರ್ಷದ ಡಿಗ್ರಿ ಮತ್ತು ಅದರ ಮೇಲೆ ಐದು ವರ್ಷದ ಅನುಭವ. ನನ್ನ ಅನುಭವ ಎಲ್ಲ ಬೆಂಗಳೂರಿನದು. ಹಳೆಯ ಕಂಪನಿಗಳು ಕೊಟ್ಟದ್ದು ರಿಲೀವಿಂಗ್ ಲೆಟರ್ ಮಾತ್ರ, "ಇವರು ಇಂಥ ದಿನದಿಂದ ಇಂಥ ದಿನದವರೆಗೆ ಇದ್ದರು, ಒಳ್ಳೆಯದಾಗಲಿ" ಅಂತ. ಲಾಯರ್‌ಗೆ ಬೇಕಾದದ್ದು ಏನು ಕೆಲಸ ಮಾಡಿದೆ, ಯಾವ ತಂತ್ರಾಂಶ ಬಳಸಿದೆ, ವಾರಕ್ಕೆ ಎಷ್ಟು ಗಂಟೆ ಅನ್ನುವ ವಿವರ. ಒಂದು ಕಂಪನಿ ಆಗಲೇ ಬೇರೆಯವರ ಕೈಗೆ ಹೋಗಿತ್ತು, ಹೊಸ ಎಚ್‌ಆರ್‌ಗೆ ನಮ್ಮ ಹೆಸರೇ ಗೊತ್ತಿಲ್ಲ. ಕೊನೆಗೆ ಆಗಿನ ನನ್ನ ಮ್ಯಾನೇಜರ್ ಅವರನ್ನು ಹುಡುಕಿ, ಅವರು ಜಯನಗರದ ನೋಟರಿ ಹತ್ತಿರ ಹೋಗಿ ಅಫಿಡವಿಟ್ ಮಾಡಿಸಿ ಕಳಿಸಿದರು. ಅವರ ಉಪಕಾರ ನಾನು ಮರೆಯುವುದಿಲ್ಲ. ಈಗ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವವರು, ಮುಂದೆ ಎಲ್ಲಿಗಾದರೂ ಹೋಗುವ ಯೋಚನೆ ಇದ್ದರೆ, ಕಂಪನಿ ಬಿಡುವ ದಿನವೇ ಕೆಲಸದ ವಿವರ ಇರುವ ಪತ್ರ ತೆಗೆದುಕೊಳ್ಳಿ. ಹತ್ತು ವರ್ಷ ಆದಮೇಲೆ ಕೊಡುವವರು ಅಲ್ಲಿ ಇರುವುದಿಲ್ಲ. ಮೂರು ವರ್ಷದ ಬಿಎಸ್‌ಸಿ, ಬಿಕಾಂ ಆದವರಿಗೆ ಇಬಿ-2 ಇನ್ನೂ ಕಷ್ಟ. ಅದನ್ನು ಪರ್ಮ್ ಹಾಕುವ ಮೊದಲೇ ಲಾಯರ್ ಹತ್ತಿರ ಮಾತಾಡಿಕೊಳ್ಳಿ.

ಪರ್ಮ್ ಆಯಿತು, ಮುಂದಿನ ಹಂತವಾದ ಐ-140, ಅಂದರೆ ಕಂಪನಿ ನಮ್ಮ ಪರವಾಗಿ ಹಾಕುವ ವಲಸೆ ಅರ್ಜಿ ಕೂಡ ಅದೇ ವರ್ಷ ಒಪ್ಪಿಗೆ ಆಯಿತು. ಇನ್ನೇನು ಬೇಕು ಅಂತ ನಾವು ಖುಷಿಯಾಗಿದ್ದೆವು. ಕನ್ನಡ ಕೂಟದಲ್ಲಿ ಹಿರಿಯರೊಬ್ಬರು "ಈಗ ಮರೆತುಬಿಡಿ, ಸುಮ್ನೆ ಕೆಲಸ ಮಾಡ್ತಾ ಇರಿ" ಅಂದರು. ಮರೆಯುವುದಕ್ಕೆ ಎಲ್ಲಿ ಆಗುತ್ತದೆ? ಸರದಿ ಎಲ್ಲಿಗೆ ಬಂತು ಅಂತ ತಿಳಿಸುವ ಸರ್ಕಾರದ ವೀಸಾ ಬುಲೆಟಿನ್ ಪ್ರತಿ ತಿಂಗಳು ಬರುತ್ತದೆ. ನಿಮ್ಮ ದೇಶ, ನಿಮ್ಮ ವರ್ಗ ಹುಡುಕಿ ಅಲ್ಲಿರುವ ದಿನಾಂಕ ನೋಡಬೇಕು. ಅದಕ್ಕಿಂತ ನಿಮ್ಮ ದಿನಾಂಕ ಹಿಂದಿನದಾಗಿದ್ದರೆ ನಿಮ್ಮ ಸರದಿ ಬಂತು. ಕೆಲವು ತಿಂಗಳು ಒಂದು ವಾರ ಮುಂದೆ ಹೋಗುತ್ತದೆ, ಕೆಲವು ತಿಂಗಳು ಒಂದು ದಿನವೂ ಹೋಗುವುದಿಲ್ಲ. ಬುಲೆಟಿನ್ ಬರುವ ಹೊತ್ತಿಗೆ ಆಫೀಸಿನಲ್ಲಿ ಭಾರತದವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಈ ವರ್ಷಗಳಲ್ಲಿ ಜಾಸ್ತಿ ಕಳೆದುಕೊಂಡದ್ದು ನನ್ನ ಗಂಡ. ಹಾಸನದ ಒಂದು ಕಾಲೇಜಿನಲ್ಲಿ ಲೆಕ್ಚರರ್ ಆಗಿದ್ದವರು, ಇಲ್ಲಿಗೆ ಎಚ್-4 ಮೇಲೆ, ಅಂದರೆ ಎಚ್-1ಬಿ ಇದ್ದವರ ಕುಟುಂಬಕ್ಕೆ ಕೊಡುವ ವೀಸಾ ಮೇಲೆ ಬಂದರು. ಕೆಲಸ ಮಾಡುವ ಹಾಗಿಲ್ಲ. ಮಕ್ಕಳನ್ನು ಅವರೇ ಬೆಳೆಸಿದರು, ಅಡುಗೆ ಕಲಿತರು, ಲೈಬ್ರರಿಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಟ್ಟರು, ಅದೂ ದುಡ್ಡಿಲ್ಲದೆ. ಊರಿಗೆ ಹೋದಾಗ "ಏನ್ ಮಾಡ್ಕೊಂಡಿದೀಯಪ್ಪ" ಅಂತ ಯಾರಾದರೂ ಕೇಳಿದರೆ ಅವರು ಎದ್ದು ಹೊರಗೆ ಹೋಗುತ್ತಿದ್ದರು. 2015ರ ಮೇ 26ರಿಂದ ಐ-140 ಆದವರ ಎಚ್-4 ಗಂಡ ಹೆಂಡತಿಯರಿಗೆ ಕೆಲಸದ ಪರವಾನಗಿ ಕೊಡುವ ನಿಯಮ ಬಂತು. ಆ ಕಾರ್ಡ್ ಬಂದ ದಿನ ಅವರು ಅತ್ತದ್ದು ನಾನು ನೋಡಿದ್ದೇನೆ. ಏಳು ವರ್ಷದ ಖಾಲಿ ಜಾಗ ಇದ್ದ ಬಯೋಡೇಟಾ ನೋಡಿ ಕೆಲಸ ಕೊಡುವವರು ಬೇಗ ಸಿಗಲಿಲ್ಲ. ನಮ್ಮ ಜೊತೆಗೇ ಬಂದ ಬೇರೆ ದೇಶದ ಎಂಜಿನಿಯರ್‌ಗಳ ಮನೆಯಲ್ಲೂ ಈ ಎಚ್-4 ಕಷ್ಟ ಇತ್ತು, ಆದರೆ ಒಂದೆರಡು ವರ್ಷದ ಮಟ್ಟಿಗೆ. ಆಮೇಲೆ ಗ್ರೀನ್ ಕಾರ್ಡ್ ಬಂದು ಮುಗಿಯಿತು.

2016ರಲ್ಲಿ ನಾನು ಕಂಪನಿ ಬದಲಾಯಿಸಿದೆ. ಹೊಸ ಕಂಪನಿ ಮತ್ತೆ ಪರ್ಮ್, ಮತ್ತೆ ಐ-140 ಮಾಡಿತು. ಹಳೆಯ ದಿನಾಂಕ ಉಳಿಯಿತು. ಬದಲಾಯಿಸುವವರು ಒಂದು ವಿಷಯ ತಿಳಿದಿರಿ. 2017ರ ಜನವರಿಯಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಐ-140 ಒಪ್ಪಿಗೆಯಾಗಿ 180 ದಿನ ಕಳೆದಿದ್ದರೆ ಹಳೆಯ ಕಂಪನಿ ಅದನ್ನು ಹಿಂದಕ್ಕೆ ತೆಗೆದುಕೊಂಡರೂ ನಿಮ್ಮ ಎಚ್-1ಬಿ ವಿಸ್ತರಣೆಗೆ ತೊಂದರೆ ಇಲ್ಲ. ಐ-140 ಒಪ್ಪಿಗೆ ಪತ್ರದ ಪ್ರತಿ ಕೇಳಿ ಇಟ್ಟುಕೊಳ್ಳಿ. ಕೆಲವು ಕಂಪನಿಗಳು ಕೊಡುವುದಿಲ್ಲ, ಆಗ ಕನಿಷ್ಠ ರಸೀದಿ ಸಂಖ್ಯೆಯಾದರೂ ಬೇಕು.

ಮರುವರ್ಷ ಅಮ್ಮ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ತಕ್ಷಣ ಹೊರಟೆ. ನನ್ನ ಪಾಸ್‌ಪೋರ್ಟಿನಲ್ಲಿದ್ದ ವೀಸಾ ಮುಗಿದಿತ್ತು. ಅಮೆರಿಕದ ಒಳಗೆ ಇರಲು ಅದು ಬೇಕಿಲ್ಲ, ವಾಪಸ್ ಬರಲು ಬೇಕು. ಸ್ಟ್ಯಾಂಪಿಂಗ್‌ಗೆ (ಪಾಸ್‌ಪೋರ್ಟಿಗೆ ಹೊಸ ವೀಸಾ ಹಾಕಿಸಲು) ಹೋದಾಗ ಬಿಳಿ ಚೀಟಿ ಕೊಟ್ಟರು, 221(ಜಿ). ಇನ್ನೂ ಪರಿಶೀಲನೆ ಬೇಕು ಅಂತ ಅರ್ಥ. ಎಷ್ಟು ದಿನ ಅಂತ ಯಾರೂ ಹೇಳಲ್ಲ. ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದರು, ವಾಕರ್ ಹಿಡಿದು ನಡೆದರು, ನನ್ನ ಪಾಸ್‌ಪೋರ್ಟ್ ಬರಲಿಲ್ಲ. ಮಗ ಫೋನಿನಲ್ಲಿ "ನೀನು ಬರಲ್ವಾ" ಅಂತ ಕೇಳುತ್ತಿದ್ದ. ಮ್ಯಾನೇಜರ್ ಒಳ್ಳೆಯವರಿದ್ದರು, ರಜೆ ಕೊಟ್ಟು ಕೆಲಸ ಉಳಿಸಿದರು. ಎಲ್ಲರಿಗೂ ಅಂಥವರು ಸಿಗುವುದಿಲ್ಲ. ಅವತ್ತಿನಿಂದ ಊರಿಗೆ ಹೋಗುವುದು ಅಂದರೇ ನಮ್ಮಿಬ್ಬರಿಗೂ ಭಯ. ಅಣ್ಣನ ಮಗಳ ಮದುವೆಗೆ ಹೋಗಲಿಲ್ಲ, ಅಜ್ಜಿ ಹೋದಾಗ ಹೋಗಲಿಲ್ಲ. ಗ್ರೀನ್ ಕಾರ್ಡ್ ತಡವಾದರೆ ಏನು ನಷ್ಟ, ಕೆಲಸ ಇದೆಯಲ್ಲ ಅಂತ ಕೇಳುವವರಿಗೆ ಇದೇ ನನ್ನ ಉತ್ತರ.

ಇದಕ್ಕಿಂತ ಕೆಟ್ಟದ್ದು ಬೇರೆಯವರ ಮನೆಯಲ್ಲಿ ಆಗಿದೆ. ನಮ್ಮ ಕೂಟದ ಒಂದು ಕುಟುಂಬದ ಮಗ ಎರಡು ವರ್ಷದ ಮಗುವಾಗಿ ಬಂದವನು, ಇಲ್ಲಿನ ಶಾಲೆಯಲ್ಲೇ ಓದಿದವನು. 21 ತುಂಬಿದ ದಿನ ಅಪ್ಪನ ಅರ್ಜಿಯಿಂದ ಹೊರಗೆ ಬಿದ್ದ. ಮಕ್ಕಳಿಗೆ 21 ಆದರೆ ಅವಲಂಬಿತರ ಲೆಕ್ಕ ಮುಗಿಯುತ್ತದೆ. ಹುಡುಗ ವಿದ್ಯಾರ್ಥಿ ವೀಸಾಗೆ ಬದಲಾಯಿಸಿಕೊಂಡು, ತಾನು ಬೆಳೆದ ರಾಜ್ಯದಲ್ಲೇ ಹೊರದೇಶದವನ ಫೀಸು ಕಟ್ಟಿ ಓದಿದ. 2002ರ ಒಂದು ಕಾನೂನು ಸ್ವಲ್ಪ ರಕ್ಷಣೆ ಕೊಡುತ್ತದೆ. ಸರದಿ ಬಂದ ದಿನದ ಮಗುವಿನ ವಯಸ್ಸು ಹಿಡಿದು, ಅದರಲ್ಲಿ ಐ-140 ತೀರ್ಮಾನಕ್ಕೆ ತೆಗೆದುಕೊಂಡ ದಿನಗಳನ್ನು ಕಳೆಯುತ್ತಾರೆ. ಆದರೆ ಸರದಿ ಬಂದದ್ದು ಯಾವ ದಿನ ಅಂತ ಬುಲೆಟಿನ್‌ನ ಎರಡು ಪಟ್ಟಿಗಳಲ್ಲಿ (ಅರ್ಜಿ ಹಾಕಬಹುದಾದ ದಿನಾಂಕದ್ದು ಒಂದು, ಕಾರ್ಡ್ ಕೊಡುವ ಅಂತಿಮ ದಿನಾಂಕದ್ದು ಇನ್ನೊಂದು) ಯಾವುದನ್ನು ನೋಡಬೇಕು ಅನ್ನುವ ನಿಯಮ 2023ರ ಫೆಬ್ರವರಿಯಲ್ಲಿ ಒಂದು ಸಲ ಬದಲಾಯಿತು, 2025ರ ಆಗಸ್ಟ್ 15ರಿಂದ ಮತ್ತೆ ಹಳೆಯದಕ್ಕೆ ಹೋಯಿತು. ಈಗ ಅಂತಿಮ ದಿನಾಂಕದ ಪಟ್ಟಿಯೇ ಲೆಕ್ಕ. ಮಕ್ಕಳಿಗೆ 17, 18 ಆಗಿದ್ದರೆ ಇದನ್ನು ಲಾಯರ್ ಹತ್ತಿರ ಬರೆದು ಕೇಳಿ ಇಟ್ಟುಕೊಳ್ಳಿ. ನಮ್ಮ ಮಗಳು ಉಳಿದುಕೊಂಡಳು, ಯಾಕೆ ಅಂತ ಈಗ ಹೇಳುತ್ತೇನೆ.

ಕೋವಿಡ್ ಬಂದಾಗ ದೂತಾವಾಸಗಳು ಮುಚ್ಚಿದವು, ಕುಟುಂಬದ ವೀಸಾಗಳು ಬಳಕೆಯಾಗದೆ ಉಳಿದವು. ಕಾನೂನಿನ ಪ್ರಕಾರ ಅವು ಮುಂದಿನ ವರ್ಷ ಕೆಲಸದ ವರ್ಗಕ್ಕೆ ಸೇರುತ್ತವೆ. ಅಕ್ಟೋಬರ್‌ನಿಂದ ಸೆಪ್ಟೆಂಬರ್‌ವರೆಗಿನ ಸರ್ಕಾರಿ ವರ್ಷದ ಲೆಕ್ಕದಲ್ಲಿ ಕೆಲಸದ ವರ್ಗದ ಸಂಖ್ಯೆ 2021ರಲ್ಲಿ 2,62,000 ಆಯಿತು, 2022ರಲ್ಲಿ 2,80,000 ದಾಟಿತು. 2021ರಲ್ಲಿ ಅದರಲ್ಲಿ ಸುಮಾರು 66,000 ಬಳಸದೇ ವ್ಯರ್ಥವಾದವು. ವರ್ಷ ಮುಗಿದರೆ ಆ ಸಂಖ್ಯೆ ಹೋಯಿತು, ಮುಂದಕ್ಕೆ ಬರುವುದಿಲ್ಲ. ಲಕ್ಷಗಟ್ಟಲೆ ಜನ ಕಾಯುತ್ತಿರುವಾಗ ಹಾಗಾಯಿತಲ್ಲ ಅಂತ ನನಗೆ ಇವತ್ತಿಗೂ ಸಂಕಟ ಆಗುತ್ತದೆ. ಆದರೆ ಉಳಿದ ಸಂಖ್ಯೆಯಿಂದ ದಿನಾಂಕ ಓಡತೊಡಗಿತು. 2022ರ ವಸಂತದಲ್ಲಿ ನಮ್ಮ 2013ರ ಮಾರ್ಚ್ ದಾಟಿತು. ನಾವು ಐ-485, ಅಂದರೆ ಗ್ರೀನ್ ಕಾರ್ಡಿನ ಕೊನೆಯ ಹಂತದ ಅರ್ಜಿ ಹಾಕಿದೆವು. ಮಗಳಿಗೆ ಆಗ 15. ಅಲ್ಲಿಗೆ ಅವಳ ವಯಸ್ಸಿನ ಚಿಂತೆ ತಪ್ಪಿತು.

ಐ-485ಕ್ಕೆ ಬೇಕಾದ ಕಾಗದಗಳಲ್ಲಿ ನಮ್ಮ ಕಡೆಯವರನ್ನು ಅಳಿಸುವುದು ಜನನ ಪ್ರಮಾಣಪತ್ರ. ನಾನು 1979ರಲ್ಲಿ ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಅಜ್ಜಿ ಮನೆಯಲ್ಲಿ ಹುಟ್ಟಿದವಳು. ದಾಖಲೆ ಇತ್ತು, ಆದರೆ ಅದರಲ್ಲಿ ನನ್ನ ಹೆಸರಿಲ್ಲ. ಹೆಣ್ಣು ಮಗು, ತಂದೆ ತಾಯಿಯ ಹೆಸರು, ದಿನಾಂಕ, ಅಷ್ಟೇ. ಇಷ್ಟು ವರ್ಷ ಆದಮೇಲೆ ಹೆಸರು ಸೇರಿಸಲು ಆಗಲ್ಲ ಅಂದರು. ನನ್ನ ಗಂಡನ ಜನನ ನೋಂದಣಿಯೇ ಆಗಿರಲಿಲ್ಲ. ಅಣ್ಣ ತಾಲ್ಲೂಕು ಕಚೇರಿಗೆ ಹೋಗಿ ಬಂದು ಸುಸ್ತಾದ. ಒಂದು ದಿನ ರಿಜಿಸ್ಟರ್ ಇದೆ ಅನ್ನುತ್ತಾರೆ, ಇನ್ನೊಂದು ದಿನ ಹುಡುಕುವವರು ರಜೆ ಅನ್ನುತ್ತಾರೆ.

ಕೊನೆಗೆ ಹೀಗೆ ಮಾಡಿದೆವು. ನನಗೆ ಹೆಸರಿಲ್ಲದ ಪ್ರಮಾಣಪತ್ರವನ್ನೇ ಇಟ್ಟು, ಅಮ್ಮ ಮತ್ತು ಸೋದರಮಾವನ ಅಫಿಡವಿಟ್ ಸೇರಿಸಿ, ಹುಟ್ಟಿದ ದಿನಾಂಕಕ್ಕೆ ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡ್ ಕೊಟ್ಟೆವು. ಗಂಡನಿಗೆ ದಾಖಲೆ ಲಭ್ಯವಿಲ್ಲ ಅನ್ನುವ ಪತ್ರ ಸರ್ಕಾರಿ ಕಚೇರಿಯಿಂದ ತೆಗೆಸಿ, ಅದರ ಜೊತೆ ಎರಡು ಅಫಿಡವಿಟ್. ಆ ಪತ್ರ ಇಲ್ಲದೆ ಬರೀ ಅಫಿಡವಿಟ್ ಕೊಟ್ಟರೆ ಪ್ರಶ್ನೆ ಬರುತ್ತದೆ. ಅಫಿಡವಿಟ್ ಮಾಡುವವರು ನಿಮಗಿಂತ ದೊಡ್ಡವರಿರಬೇಕು, ಹುಟ್ಟಿದಾಗ ಅವರಿಗೆ ಹೇಗೆ ಗೊತ್ತಾಯಿತು, ಎಲ್ಲಿ ಹುಟ್ಟಿದ್ದು, ತಂದೆ ತಾಯಿ ಯಾರು ಅಂತ ಸ್ಪಷ್ಟವಾಗಿ ಬರೆದಿರಬೇಕು. ಸ್ಟ್ಯಾಂಪ್ ಪೇಪರ್, ನೋಟರಿ. ಕನ್ನಡದಲ್ಲಿರುವ ಪ್ರತಿ ಕಾಗದಕ್ಕೂ ಇಂಗ್ಲಿಷ್ ಅನುವಾದ ಮತ್ತು ಅನುವಾದಕರ ಸಹಿ ಬೇಕು. ದಯವಿಟ್ಟು ಇದನ್ನು ಸರದಿ ಬರುವವರೆಗೆ ಮುಂದೂಡಬೇಡಿ. ಹುಟ್ಟಿದ್ದನ್ನು ನೋಡಿದವರು ಇರುವಾಗಲೇ ಮಾಡಿಸಿ. ನಮ್ಮ ಸೋದರಮಾವ ಸಹಿ ಹಾಕಿ ಒಂದು ವರ್ಷಕ್ಕೆ ತೀರಿಕೊಂಡರು.

ಹೆಸರಿನದೂ ಒಂದು ಗೋಳು. ನಮ್ಮಲ್ಲಿ ಇನಿಷಿಯಲ್ ಹಾಕುತ್ತೇವೆ, ಊರಿನ ಅಕ್ಷರ, ಅಪ್ಪನ ಅಕ್ಷರ. ಮಾರ್ಕ್ಸ್ ಕಾರ್ಡಿನಲ್ಲಿ ಎರಡು ಅಕ್ಷರ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಸರ್‌ನೇಮ್, ಮದುವೆ ಪ್ರಮಾಣಪತ್ರದಲ್ಲಿ ಇನ್ನೊಂದು ಥರ. ಎಲ್ಲ ಹೆಸರೂ ಒಬ್ಬರದೇ ಅಂತ ಇನ್ನೊಂದು ಅಫಿಡವಿಟ್ ಮಾಡಿಸಿದೆವು. ನಿಮ್ಮ ಕಾಗದಗಳನ್ನೆಲ್ಲ ಒಂದು ದಿನ ಟೇಬಲ್ ಮೇಲೆ ಹರಡಿ ಹೆಸರುಗಳನ್ನು ಹೋಲಿಸಿ ನೋಡಿ.

ಆಗ ಫೀಸು ಒಬ್ಬರಿಗೆ 1,225 ಡಾಲರ್ ಇತ್ತು, ಬೆರಳಚ್ಚು ಸೇರಿ. ಕೆಲಸದ ಪರವಾನಗಿ ಮತ್ತು ಪ್ರಯಾಣದ ಅನುಮತಿ ಅದರಲ್ಲೇ ಬರುತ್ತಿತ್ತು. ಕಂಪನಿ ನನ್ನದನ್ನು ಕೊಟ್ಟಿತು, ಉಳಿದ ಇಬ್ಬರದು ಮತ್ತು ಅವರ ಲಾಯರ್ ಫೀಸು ನಮ್ಮದು. 2024ರ ಏಪ್ರಿಲ್‌ನಿಂದ ಐ-485 ಒಂದಕ್ಕೇ 1,440. ಪರವಾನಗಿಗೆ 260, ಪ್ರಯಾಣದ ಅನುಮತಿಗೆ 630 ಬೇರೆ. ನಾಲ್ಕು ಜನರ ಸಂಸಾರಕ್ಕೆ ಕೂಡಿಸಿ ನೋಡಿ, ಮೊದಲೇ ಎತ್ತಿಡಿ. ವೈದ್ಯಕೀಯ ಪರೀಕ್ಷೆಗೆ ನಿಗದಿತ ದರ ಇಲ್ಲ, ಡಾಕ್ಟರ್ ಕೇಳಿದಷ್ಟು, ವಿಮೆ ಸಾಮಾನ್ಯವಾಗಿ ಕೊಡುವುದಿಲ್ಲ. ನಾಲ್ಕೈದು ಕಡೆ ಫೋನ್ ಮಾಡಿ ವಿಚಾರಿಸಿ. ನಮ್ಮ ಊರಲ್ಲೇ ಒಂದು ಕಡೆಗೂ ಇನ್ನೊಂದು ಕಡೆಗೂ ದುಪ್ಪಟ್ಟು ವ್ಯತ್ಯಾಸ ಇತ್ತು.

ಎಲ್ಲ ಕೊಟ್ಟು ಕೂತೆವು. 2022ರ ಸೆಪ್ಟೆಂಬರ್‌ನಲ್ಲಿ ಇಬಿ-2 ಭಾರತದ ದಿನಾಂಕ 2014ರ ಡಿಸೆಂಬರ್ 1ರಲ್ಲಿತ್ತು. ನಮಗಿಂತ ಸುಮಾರು ಒಂದೂಮುಕ್ಕಾಲು ವರ್ಷ ಮುಂದೆ! ನಮ್ಮ ಹಿಂದೆ ಇದ್ದವರಿಗೂ ಕಾರ್ಡ್ ಬರುತ್ತಿತ್ತು. ಆ ತಿಂಗಳ ಮೊದಲ ವಾರದಲ್ಲೇ ವರ್ಷದ ಇಬಿ-2 ಸಂಖ್ಯೆ ಪೂರ್ತಿ ಮುಗಿಯಿತು ಅಂತ ಪ್ರಕಟವಾಯಿತು. ಅಕ್ಟೋಬರ್‌ನಲ್ಲಿ ದಿನಾಂಕ 2012ರ ಏಪ್ರಿಲ್ 1ಕ್ಕೆ ಇಳಿಯಿತು. 2023ರ ವಸಂತದ ಹೊತ್ತಿಗೆ 2011ರ ಜನವರಿ 1. ಮುಂದೆ ಹೋಗಬೇಕಾದ ಸರದಿ ಸುಮಾರು ನಾಲ್ಕು ವರ್ಷ ಹಿಂದಕ್ಕೆ ಹೋಯಿತು. ಅವತ್ತು ರಾತ್ರಿ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ಅದೇ ಸಮಯಕ್ಕೆ ಐಟಿ ಕಂಪನಿಗಳಲ್ಲಿ ಜನರನ್ನು ತೆಗೆಯುವುದು ಶುರುವಾಯಿತು. ನನ್ನ ಹೆಸರೂ ಪಟ್ಟಿಯಲ್ಲಿ ಬಂತು. ಬರೀ ಎಚ್-1ಬಿ ಇದ್ದವರಿಗೆ 60 ದಿನ, ಅಷ್ಟರಲ್ಲಿ ಕೆಲಸ ಹುಡುಕಬೇಕು, ಇಲ್ಲ ಹೊರಡಬೇಕು. 15 ವರ್ಷ ಇದ್ದ ಮನೆ, ಶಾಲೆ, ಸಾಲ ಎಲ್ಲ ಬಿಟ್ಟು. ನನಗೆ ಐ-485 ಹಾಕಿ 180 ದಿನ ದಾಟಿತ್ತು. ಹಾಗಾಗಿ ಪರವಾನಗಿ ಕಾರ್ಡಿನ ಮೇಲೆ ಉಳಿದು, ಅದೇ ಥರದ ಕೆಲಸ ಹುಡುಕಿ, ಹೊಸ ಕಂಪನಿಯಿಂದ ಸಪ್ಲಿಮೆಂಟ್ ಜೆ (ಹೊಸ ಕೆಲಸ ಇದೆ ಅಂತ ಕಂಪನಿ ಖಚಿತಪಡಿಸುವ ಫಾರಂ) ಕೊಡಿಸಿದೆ. ಇದು ಸಾಧ್ಯವಾದದ್ದು ನಾವು ಅರ್ಜಿ ಹಾಕಿದ್ದರಿಂದ. ನನ್ನ ಜೊತೆಗೇ ಕೆಲಸ ಹೋದ, 2015ರ ದಿನಾಂಕದ ತೆಲುಗಿನ ಹುಡುಗ ಹೈದರಾಬಾದ್‌ಗೆ ವಾಪಸ್ ಹೋದ. ಅದೇ ದಿನ ಕೆಲಸ ಹೋದ ಫ್ರಾನ್ಸ್‌ನವನಿಗೆ ಆಗಲೇ ಗ್ರೀನ್ ಕಾರ್ಡ್ ಇತ್ತು, ಆರಾಮವಾಗಿ ಹುಡುಕಿಕೊಂಡ. ಆದ್ದರಿಂದ ದಿನಾಂಕ ಒಂದು ತಿಂಗಳ ಮಟ್ಟಿಗೆ ತೆರೆದರೂ ಸರಿ, ಕಾಗದ ಸಿದ್ಧ ಇಟ್ಟುಕೊಂಡು ಅರ್ಜಿ ಹಾಕಿಬಿಡಿ. ಇನ್ನೊಂದು: ಎಚ್-1ಬಿ ಅಥವಾ ಎಚ್-4 ಇಲ್ಲದೆ, ಪ್ರಯಾಣದ ಅನುಮತಿಯೂ ಇಲ್ಲದೆ ದೇಶ ಬಿಟ್ಟರೆ ಐ-485 ಅಲ್ಲಿಗೆ ಬಿದ್ದುಹೋಗುತ್ತದೆ. ಎಂಥ ತುರ್ತು ಇದ್ದರೂ ಲಾಯರ್‌ಗೆ ಹೇಳದೆ ವಿಮಾನ ಹತ್ತಬೇಡಿ.

ಆಮೇಲೆ ಮತ್ತೆ ಮೂರು ವರ್ಷ ಕಾಯುವುದು. 2025ರ ಅಕ್ಟೋಬರ್ ಬುಲೆಟಿನ್‌ನಲ್ಲಿ ಇಬಿ-2 ಭಾರತ 2013ರ ಏಪ್ರಿಲ್ 1ಕ್ಕೆ ಬಂತು. ಕೂಡಲೇ ಆರ್‌ಎಫ್‌ಇ (ಇನ್ನಷ್ಟು ದಾಖಲೆ ಕೇಳುವ ಪತ್ರ) ಬಂತು, ವೈದ್ಯಕೀಯ ಪರೀಕ್ಷೆ ಹೊಸದಾಗಿ ಮಾಡಿಸಿ ಅಂತ. ನಮ್ಮ 2022ರ ವರದಿಯ ಅವಧಿ ಎರಡು ವರ್ಷ, ಅದು ಮುಗಿದಿತ್ತು. ಮತ್ತೆ ರಕ್ತ, ಮತ್ತೆ ಲಸಿಕೆ, ಮತ್ತೆ ದುಡ್ಡು. ಗಂಡನ ಟಿಬಿ ರಕ್ತಪರೀಕ್ಷೆ ಪಾಸಿಟಿವ್ ಬಂತು. ಹೆದರಿದೆವು. ನಮ್ಮ ದೇಶದವರಲ್ಲಿ ಇದು ಬಹಳ ಸಾಮಾನ್ಯ, ಎಕ್ಸ್‌ರೇ ಸರಿ ಇದ್ದರೆ ಅರ್ಜಿಗೆ ತೊಂದರೆ ಇಲ್ಲ ಅಂತ ಡಾಕ್ಟರ್ ಸಮಾಧಾನ ಹೇಳಿದರು. ಎಕ್ಸ್‌ರೇ ಸರಿ ಇತ್ತು. ಚಿಕ್ಕಂದಿನ ಲಸಿಕೆಯ ಚೀಟಿ ಇಲ್ಲದವರು ದಡಾರ, ಸೀತಾಳೆ ಸಿಡುಬಿಗೆಲ್ಲ ರಕ್ತದಲ್ಲಿ ಪ್ರತಿಕಾಯ ನೋಡಿಸಬಹುದು, ಸುಮ್ನೆ ಮತ್ತೆ ಚುಚ್ಚಿಸಿಕೊಳ್ಳಬೇಕಾಗಿಲ್ಲ. ಕೋವಿಡ್ ಲಸಿಕೆ ಈಗ ಕೇಳುವುದಿಲ್ಲ. ಸಂದರ್ಶನಕ್ಕೆ ನಮ್ಮನ್ನು ಕರೆಯಲಿಲ್ಲ. ಉತ್ತರ ಕಳಿಸಿ ಕೆಲವು ವಾರಕ್ಕೆ ಒಪ್ಪಿಗೆ ಆಯಿತು.

ಇಷ್ಟೆಲ್ಲ ಆದಮೇಲೆ ಖುಷಿಯಾಯಿತಾ ಅಂತ ಕೇಳುತ್ತಾರೆ. ಆಯಿತು. ಸಿಟ್ಟೂ ಹೋಗಿಲ್ಲ. ಎಚ್-1ಬಿ ಕೊಡುವಾಗ ದೇಶದ ಮಿತಿ ಇಲ್ಲ. ಅದರಲ್ಲಿ ಹತ್ತಕ್ಕೆ ಏಳಕ್ಕಿಂತ ಜಾಸ್ತಿ ಭಾರತದವರೇ. ಕೆಲಸಕ್ಕೆ ಕರೆಯುವಾಗ ಎಲ್ಲಿ ಹುಟ್ಟಿದೆ ಅಂತ ಯಾರೂ ಕೇಳಲಿಲ್ಲ, ತೆರಿಗೆ ತೆಗೆದುಕೊಳ್ಳುವಾಗಲೂ ಕೇಳಲಿಲ್ಲ. ಉಳಿಯುತ್ತೇನೆ ಅಂದಾಗ ಮಾತ್ರ ಕೇಳುತ್ತಾರೆ. ಮಿತಿ ತೆಗೆದರೆ ಕೆಲವು ವರ್ಷ ಎಲ್ಲ ಕಾರ್ಡೂ ಭಾರತ, ಚೀನಾದವರಿಗೇ ಹೋಗುತ್ತದೆ, ಬೇರೆ ದೇಶದ ನರ್ಸ್‌ಗಳು, ವಿಜ್ಞಾನಿಗಳು ಕಾಯಬೇಕಾಗುತ್ತದೆ ಅಂತ ವಿರೋಧಿಸುವವರು ಹೇಳುತ್ತಾರೆ. ಆ ಮಾತಿನಲ್ಲಿ ಹುರುಳಿದೆ. ನಮ್ಮ ಕಷ್ಟವನ್ನು ಫಿಲಿಪೀನ್ಸ್‌ನ ನರ್ಸ್ ಒಬ್ಬಳ ತಲೆಗೆ ಹಾಕುವುದು ನನಗೂ ಬೇಡ. ಆದರೆ ಕೇಟೋ ಅನ್ನುವ ಇಲ್ಲಿನ ಸಂಶೋಧನಾ ಸಂಸ್ಥೆ 2023ರಲ್ಲಿ ಮಾಡಿದ ಲೆಕ್ಕದಲ್ಲಿ ಕೆಲಸದ ವರ್ಗದಲ್ಲಿ ಕಾಯುತ್ತಿದ್ದವರು 18 ಲಕ್ಷ, ಅದರಲ್ಲಿ 11 ಲಕ್ಷ ಭಾರತದವರು. ಹೊಸದಾಗಿ ಸೇರುವ ಭಾರತದವರಿಗೆ 134 ವರ್ಷ ಬೇಕಂತೆ. ಅಷ್ಟು ವರ್ಷ ಯಾರೂ ಬದುಕುವುದಿಲ್ಲ. ಅದಕ್ಕೆ ಸರದಿ ಅನ್ನುವ ಬದಲು ಇಲ್ಲ ಅಂತಲೇ ಹೇಳಿಬಿಡಬಹುದಿತ್ತು, ಜನ ಬೇರೆ ದಾರಿ ನೋಡಿಕೊಳ್ಳುತ್ತಿದ್ದರು.

ಹುಟ್ಟಿದ ದೇಶದ ಹೊಡೆತ ನಮಗೆ ಮಾತ್ರ ಅಂತಲೂ ಇಲ್ಲ. 2025ರ ಡಿಸೆಂಬರ್ 2ರಂದು 19 ದೇಶಗಳವರ ಬಾಕಿ ಅರ್ಜಿಗಳನ್ನೆಲ್ಲ ತಡೆಹಿಡಿಯುವ ಆದೇಶ ಬಂತು. ಇರಾನ್, ಮ್ಯಾನ್ಮಾರ್, ವೆನೆಜುವೆಲಾ ಎಲ್ಲ ಅದರಲ್ಲಿದ್ದವು. ನನ್ನ ಈಗಿನ ಆಫೀಸಿನಲ್ಲಿ ಇರಾನಿನಲ್ಲಿ ಹುಟ್ಟಿದ ಒಬ್ಬಳು ಇದ್ದಾಳೆ. ಅವಳಿಗೆ ನಮ್ಮ ಥರದ ಉದ್ದ ಸರದಿ ಇರಲಿಲ್ಲ, ಬೆರಳಚ್ಚೂ ಆಗಿತ್ತು. ಈಗ ಎಂದು ಅಂತಲೇ ಗೊತ್ತಿಲ್ಲದೆ ನಿಂತಿದ್ದಾಳೆ. ಅವಳ ಎದುರು ನನ್ನ ಕಾರ್ಡಿನ ಸುದ್ದಿ ಹೇಳಲು ನನಗೆ ಬಾಯಿ ಬರಲಿಲ್ಲ.

2019ರ ಜುಲೈನಲ್ಲಿ ದೇಶದ ಮಿತಿ ತೆಗೆಯುವ ಮಸೂದೆ ಕೆಳಮನೆಯಲ್ಲಿ 365ಕ್ಕೆ 65 ಮತದಿಂದ ಗೆದ್ದಿತ್ತು. 2020ರ ಡಿಸೆಂಬರ್‌ನಲ್ಲಿ ಸೆನೆಟ್ ಕೂಡ ತನ್ನದೇ ರೂಪದಲ್ಲಿ ಒಪ್ಪಿತು. ಎರಡೂ ಒಂದಾಗದೆ ಅವಧಿ ಮುಗಿದು ಬಿದ್ದುಹೋಯಿತು. ಕಾರ್ಡ್ ಬಂದವರು ಇದನ್ನೆಲ್ಲ ಮರೆತುಬಿಡುತ್ತಾರೆ ಅನ್ನುವ ಮಾತಿದೆ. ನಾನು ನಮ್ಮ ಪ್ರತಿನಿಧಿಯ ಕಚೇರಿಗೆ ಪತ್ರ ಬರೆಯುತ್ತಲೇ ಇದ್ದೇನೆ. ಎರಡೇ ವಿಷಯ ಕೇಳುತ್ತೇನೆ: ಗಂಡ, ಹೆಂಡತಿ, ಮಕ್ಕಳನ್ನು ಆ 1,40,000ದ ಲೆಕ್ಕದಿಂದ ಬಿಡಿ, ಹಿಂದೆ ವ್ಯರ್ಥವಾದ ಸಂಖ್ಯೆಗಳನ್ನು ವಾಪಸ್ ತನ್ನಿ. ಇದರಿಂದ ಯಾವ ದೇಶದವರಿಗೂ ಕಡಿಮೆ ಆಗುವುದಿಲ್ಲ. ಮತ ಹಾಕುವ ಹಕ್ಕು ಇಲ್ಲದಿದ್ದರೂ ಆ ಕ್ಷೇತ್ರದಲ್ಲಿ ವಾಸ ಇರುವವರು ಬರೆಯಬಹುದು, ನಿಮ್ಮ ಅರ್ಜಿ ಸರದಿ ಬಂದಮೇಲೂ ನಿಂತಿದ್ದರೆ ವಿಚಾರಿಸಿ ಅಂತ ಅದೇ ಕಚೇರಿಯನ್ನು ಕೇಳಬಹುದು. ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ, ಫೀಸು ಇಲ್ಲ.